ಬಣ್ಣ ಒಲ್ಲದ ಬಂಪರ್

ಹತ್ತು ವರ್ಷ ಬಿಸಿಲಲ್ಲಿ ನಿಂತ ಕಾರನ್ನು ನೋಡಿ. ಬಾಡಿಯ ಬಣ್ಣ ಇನ್ನೂ ಹೊಳೆಯುತ್ತಿರುತ್ತದೆ. ಬಂಪರಿನ ಕಪ್ಪು ಅಂಚು, ಬಾಗಿಲ ಪಟ್ಟಿ ಮಾತ್ರ ಬೂದಿ ಬಳಿದಂತೆ ಬಿಳಿಚಿಕೊಂಡಿರುತ್ತವೆ. ಬಣ್ಣ ಹೊಡೆಸಿದರೆ ಒಂದು ಮಳೆಗಾಲ ಕಳೆಯುವುದರೊಳಗೆ ಹಾವಿನ ಪೊರೆಯಂತೆ ಏಳುತ್ತದೆ. ಬೈಗುಳವೆಲ್ಲ ಪೇಂಟರಿಗೆ. ಆದರೆ ಈ ಜಗಳದ ಬೇರು ಇರುವುದು 1954ರ ಇಟಲಿಯಲ್ಲಿ.

ಆ ವರ್ಷ ಮಿಲಾನಿನಲ್ಲಿ ಜೂಲಿಯೊ ನಾಟ್ಟಾ, ಜರ್ಮನಿಯ ಕಾರ್ಲ್ ಝೀಗ್ಲರ್ ಕಂಡುಹಿಡಿದ ವೇಗವರ್ಧಕ ಬಳಸಿ, ಪ್ರೊಪಿಲೀನ್ ಅನಿಲದ ಅಣುಗಳನ್ನು ಮಣಿಸರದಂತೆ ಕ್ರಮವಾಗಿ ಪೋಣಿಸಿದರು. ಅದೇ ಪಾಲಿಪ್ರೊಪಿಲೀನ್. 1957ರಲ್ಲಿ ಮೊಂಟೆಕಾಟಿನಿ ಕಂಪನಿ ಅದರ ತಯಾರಿಕೆಗೆ ಇಳಿಯಿತು. 1963ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹಗುರ, ಅಗ್ಗ, ತುಕ್ಕಿನ ಭಯವಿಲ್ಲ. ಕಾರು ತಯಾರಕರಿಗೆ ಇನ್ನೇನು ಬೇಕು? ಮುಂಬೈಯ ಪದ್ಮಿನಿ ಟ್ಯಾಕ್ಸಿಯಲ್ಲಿ ಮಿನುಗುತ್ತಿದ್ದ ಕ್ರೋಮ್ ಬಂಪರಿನ ಜಾಗಕ್ಕೆ ಮುಂದಿನ ತಲೆಮಾರಿನ ಕಾರುಗಳಲ್ಲಿ ಪ್ಲಾಸ್ಟಿಕ್ ಬಂದು ಕೂತಿತು.

ಉಕ್ಕಿನ ಮೇಲೆ ಪಳಗಿದ ಪೇಂಟರಿಗೆ ಪಾಠ ಒಂದೇ: ಉಜ್ಜು, ಪ್ರೈಮರ್ ಹೊಡಿ, ಪುಟ್ಟಿ ಮೆತ್ತು, ಬಣ್ಣ ಹಾಕು. ಪಾಲಿಪ್ರೊಪಿಲೀನ್ ಆ ಪಾಠಕ್ಕೆ ಬಗ್ಗಲಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನಂತೆ, ಅದರ ಮೇಲೆ ಬಣ್ಣ ಹರಡಿ ಅಂಟುವುದಿಲ್ಲ. ಆಮ್ಲಕ್ಕೂ ಎಣ್ಣೆಗೂ ಸುಲಭಕ್ಕೆ ಜಗ್ಗದ ಗುಣವೇ ಬಣ್ಣವನ್ನೂ ದೂರವಿಡುತ್ತದೆ. ಅದನ್ನು ಬಿಸಿಲು ಗೆಲ್ಲುತ್ತದೆ. ಅತಿನೇರಳೆ ಕಿರಣ ಅಣುಸರವನ್ನು ಕಡಿಯುತ್ತ ಹೋಗುತ್ತದೆ, ಮೇಲ್ಪದರ ಪುಡಿಯಾಗುತ್ತದೆ. ನಾವು ಬಣ್ಣ ಹೊಡೆಯುವುದು ಆ ಪುಡಿಯ ಮೇಲೆ. ಅದು ಉದುರಿದರೆ ಬಣ್ಣವೂ ಉದುರಬೇಕು.

ಕಾರ್ಖಾನೆಗಳು ದಾರಿ ಹುಡುಕಿದವು. ಬಂಪರಿನ ಮೇಲೆ ಕ್ಷಣಕಾಲ ಬೆಂಕಿಯ ಜ್ವಾಲೆ ಆಡಿಸಿದರೆ ಮೇಲ್ಮೈಗೆ ಆಮ್ಲಜನಕ ಸೇರಿ ಬಣ್ಣ ಹಿಡಿಯುತ್ತದೆ. ಇನ್ನೊಂದು ದಾರಿ, ಕ್ಲೋರಿನ್ ಬೆರೆತ ಪಾಲಿಒಲೆಫಿನ್ ಇರುವ ‘ಅಡ್ಹೀಶನ್ ಪ್ರಮೋಟರ್’. ಒಂದು ಮುಖ ಪ್ಲಾಸ್ಟಿಕ್ಕಿಗೆ, ಇನ್ನೊಂದು ಬಣ್ಣಕ್ಕೆ: ಮದುವೆ ಮಾಡಿಸುವ ದಲ್ಲಾಳಿಯ ಕೆಲಸ. ಗ್ಯಾರೇಜಿನಲ್ಲೂ ಇದು ಸಾಧ್ಯ. ಪಾಲಿಶಿನ ಸಿಲಿಕೋನ್ ಜಿಡ್ಡನ್ನು ಮೊದಲು ತೆಗೆಯಬೇಕು, ಸತ್ತ ಪದರವನ್ನು ಉಜ್ಜಿ ಮತ್ತೆ ಒರೆಸಬೇಕು, ಪ್ರಮೋಟರನ್ನು ತೆಳ್ಳಗೆ ಹೊಡೆದು ಡಬ್ಬಿಯಲ್ಲಿ ಹೇಳಿದ ಹೊತ್ತಿನೊಳಗೆ ಬಾಗಬಲ್ಲ ಬಣ್ಣವನ್ನು ಎರಡು ಮೂರು ತೆಳು ಕೋಟಿನಲ್ಲಿ ಹಾಕಬೇಕು.

ಈ ನಾಲ್ಕು ಹೆಜ್ಜೆಯಲ್ಲಿ ಒಂದು ತಪ್ಪಿದರೂ ಗಟ್ಟಿಮುಟ್ಟಾದ ಬಂಪರು ಗುಜರಿಗೆ, ಹೊಸದರ ಬಿಲ್ಲು ನಮ್ಮ ಕೈಗೆ. ಪೇಂಟರು ಕೈಚಳಕ ಮರೆತದ್ದಲ್ಲ. ಅವರ ಕೈ ಕೆಳಗಿನ ವಸ್ತುವೇ ಬದಲಾಗಿತ್ತು, ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮುಂದಿನ ಸಲ ಬೈಯುವ ಮೊದಲು ಬಂಪರಿನ ಹಿಂಬದಿ ನೋಡಿ. ಅಲ್ಲಿ ‘ಪಿಪಿ’ ಎಂಬ ಅಚ್ಚಿದ್ದರೆ, ಅದು ನಾಟ್ಟಾ ಪೋಣಿಸಿದ ಸರವೇ.