ನಾಟಿ ವೈದ್ಯ (ಶಿರಸಿ ಸೀಮೆ)

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ರೂಢಿಯಲ್ಲಿರುವ ಗಿಡಮೂಲಿಕೆ ಚಿಕಿತ್ಸಾ ಪದ್ಧತಿ. ಶಾಸ್ತ್ರಗ್ರಂಥಕ್ಕಿಂತ ಮನೆತನದಲ್ಲಿ ಬಾಯಿಂದ ಬಾಯಿಗೆ ಬಂದ ಕಲಿಕೆಯೇ ಇದರ ಆಧಾರ. ಹವ್ಯಕ, ನಾಮಧಾರಿ, ಸಿದ್ದಿ ಮೊದಲಾದ ಸಮುದಾಯಗಳಲ್ಲಿ ಬಳಕೆಯಿದೆ. ಮೂಲಿಕೆಗಳು ಹೆಚ್ಚಾಗಿ ಕಾಡು, ಹಿತ್ತಿಲು, ಅಡಕೆ ತೋಟಕ್ಕೆ ಸೇರಿದ ಸೊಪ್ಪಿನಬೆಟ್ಟಗಳಿಂದ ಬರುತ್ತವೆ. ಕಾಮಾಲೆಗೆ ನೆಲನೆಲ್ಲಿ, ಜ್ವರಕ್ಕೆ ಅಮೃತಬಳ್ಳಿ, ಕೆಮ್ಮಿಗೆ ಆಡುಸೋಗೆ, ಮಕ್ಕಳ ಶೀತಕ್ಕೆ ದೊಡ್ಡಪತ್ರೆಯ ರಸ, ಪಿತ್ತಕ್ಕೆ ಮುರುಗಲ ಹಣ್ಣಿನ ಪಾನಕ, ಒಡೆದ ಹಿಮ್ಮಡಿಗೆ ಅದೇ ಹಣ್ಣಿನ ಬೀಜದಿಂದ ತೆಗೆದ ತುಪ್ಪ ಪ್ರಸಿದ್ಧ. ಮದ್ದಿನಷ್ಟೇ ಪಥ್ಯಕ್ಕೂ ಮಹತ್ವ. ಅಡುಗೆಗೂ ಔಷಧಕ್ಕೂ ಇಲ್ಲಿ ಗಟ್ಟಿ ಗಡಿಯಿಲ್ಲ, ಒಂದೆಲಗದ ತಂಬುಳಿ ನಿತ್ಯದ ಊಟದಲ್ಲೇ ಸೇರಿದೆ. ಆಸ್ಪತ್ರೆಯ ಔಷಧದ ಜೊತೆಗೇ ನಾಟಿ ಮದ್ದು ಸೇವಿಸುವವರು ಅನೇಕ. ಹಾವು ಕಡಿತಕ್ಕಂತೂ ಇದು ಆಸ್ಪತ್ರೆಯ ಚಿಕಿತ್ಸೆಗೆ ಪರ್ಯಾಯವಲ್ಲ. ವಿಷಪ್ರತಿರೋಧಕ ಚುಚ್ಚುಮದ್ದೇ ದೃಢಪಟ್ಟ ಚಿಕಿತ್ಸೆ.