ಬೆಂಕಿಯ ಬೆನ್ನಿಗೆ ಬಂದ ಉಲಿಯಕ್ಕಿ

ಅಮೆರಿಕದ ಮಿಷಿಗನ್ ರಾಜ್ಯದ ಮರಳು ನೆಲದಲ್ಲಿ ಹರಿದು ಹ್ಯೂರನ್ ಸರೋವರ ಸೇರುವ ನದಿ ಓ ಸೇಬಲ್. ಹದಿನಾಲ್ಕು ಗ್ರಾಂ ತೂಗುವ, ಹಳದಿ ಎದೆಯ ಕಿರ್ಟ್‌ಲ್ಯಾಂಡ್ ಉಲಿಯಕ್ಕಿ ಪ್ರತಿ ಮೇ ತಿಂಗಳಲ್ಲಿ ಬಹಾಮಾಸ್ ದ್ವೀಪಗಳಿಂದ ಇಲ್ಲಿಗೆ ಬಂದು, ಮರಿ ಮಾಡಿ, ಚಳಿಗೆ ಮುಂಚೆ ಮರಳುತ್ತದೆ. ಇದರ ಮೊದಲ ಗೂಡು ನಾರ್ಮನ್ ವುಡ್ ಎಂಬುವರಿಗೆ ಸಿಕ್ಕಿದ್ದು 1903ರಲ್ಲಿ, ಈ ನದಿಯ ಸಮೀಪದಲ್ಲೇ. ಅಪರೂಪದ ಹಕ್ಕಿ ಎಂದೊಡನೆ ಕೊಡಲಿ ಕಾಣದ ಕಾಡು ನಮ್ಮ ಕಣ್ಣಿಗೆ ಕಟ್ಟುತ್ತದೆ. ಈ ಕಣಿವೆಯ ಚರಿತ್ರೆ ಹಾಗಿಲ್ಲ. ಇಲ್ಲಿ ಬೆಂಕಿ ಹೆಚ್ಚಿದಾಗ ಹಕ್ಕಿ ಹೆಚ್ಚಿದೆ, ಬೆಂಕಿ ಆರಿದಾಗ ಹಕ್ಕಿ ಕರಗಿದೆ.

ಇದು ಗೂಡು ಕಟ್ಟುವುದು ನೆಲದಲ್ಲಿ, ಎಳೆಯ ಜ್ಯಾಕ್ ಪೈನಿನ ತಗ್ಗು ಕೊಂಬೆಗಳಡಿ, ಹುಲ್ಲಿನ ಮರೆಯಲ್ಲಿ. ಮರಕ್ಕೆ ಐದಾರು ವರ್ಷವಾದರೂ ತುಂಬಿರಬೇಕು. ಇಪ್ಪತ್ತರ ಆಸುಪಾಸಿಗೆ ಕೆಳಗಿನ ಕೊಂಬೆಗಳು ಒಣಗಿ ಮರೆ ಹೋಗುತ್ತದೆ, ಹಕ್ಕಿ ಜಾಗ ಬಿಡುತ್ತದೆ. ಜ್ಯಾಕ್ ಪೈನಿನ ಕಾಯಿಯೋ ರಾಳದಿಂದ ಬಿಗಿದುಕೊಂಡು ವರ್ಷಗಟ್ಟಲೆ ಕೊಂಬೆಯಲ್ಲೇ ಕೂತಿರುತ್ತದೆ. ಬೆಂಕಿಯ ಝಳ ತಗುಲಿದಾಗ ರಾಳ ಕರಗಿ, ಬಾಯಿಬಿಟ್ಟು, ಬೂದಿಯ ಮೇಲೆ ಬೀಜ ಚೆಲ್ಲುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಾಟಾ ವ್ಯಾಪಾರಿಗಳು ಬಿಳಿ ಪೈನ್ ಕಡಿದು ಬಿಟ್ಟುಹೋದ ರೆಂಬೆ-ಸೊಪ್ಪು ಇಲ್ಲಿ ಮತ್ತೆ ಮತ್ತೆ ಹೊತ್ತಿ ಉರಿಯಿತು. ಬಹಾಮಾಸ್‌ನಲ್ಲಿ ಸಂಗ್ರಹಕಾರರಿಗೆ ಈ ಹಕ್ಕಿ ಹೆಚ್ಚು ಸಿಕ್ಕಿದ್ದೂ ಅದೇ ಕಾಲದಲ್ಲಿ. ಮುಂದೆ ಕಾಳ್ಗಿಚ್ಚು ನಂದಿಸುವ ವ್ಯವಸ್ಥೆ ಬಲಗೊಂಡಿತು. 1961ರ ಎಣಿಕೆಯಲ್ಲಿ 502 ಇದ್ದ ಹಾಡುವ ಗಂಡುಗಳು 1971ಕ್ಕೆ 201 ಆದವು.

ಈ ಇಳಿಕೆಗೆ ಕಾರಣ ಬೆಂಕಿ ಆರಿದ್ದಲ್ಲ, ಕೌಬರ್ಡ್ ಎನ್ನುವವರಿದ್ದಾರೆ. ಕೋಗಿಲೆಯ ಹಾಗೆ ಪರರ ಗೂಡಿನಲ್ಲಿ ಮೊಟ್ಟೆಯಿಡುವ ಹಕ್ಕಿ ಅದು. ಮಾತಿನಲ್ಲಿ ಹುರುಳಿದೆ: ಆಗ ಹತ್ತರಲ್ಲಿ ಏಳು ಗೂಡುಗಳಿಗೆ ಅದರ ಕಾಟವಿತ್ತು. 1972ರಿಂದ ಬೋನಿಟ್ಟು ಹಿಡಿದರು, ಕಾಟ ತಗ್ಗಿತು, ಬದುಕುವ ಮರಿಗಳು ಹೆಚ್ಚಿದವು. ಬೋನು ಇಡದಿದ್ದರೆ ಉಲಿಯಕ್ಕಿ ಅಳಿದೇಹೋಗುತ್ತಿತ್ತೇನೋ. ಆದರೂ 1974ರಲ್ಲಿ ಗಂಡುಗಳು 167. ಹದಿಮೂರು ವರ್ಷದ ನಂತರ 1987ರಲ್ಲೂ 167! ಕೌಬರ್ಡ್ ಒಂದೇ ಕಾರಣವಾಗಿದ್ದರೆ ಈ ಲೆಕ್ಕ ಮೇಲೇಳಬೇಕಿತ್ತು. 1980ರ ಮೇ ತಿಂಗಳಲ್ಲಿ ಮ್ಯಾಕ್ ಸರೋವರದ ಬಳಿ ಈ ಹಕ್ಕಿಗೆಂದೇ ಹಚ್ಚಿದ ಬೆಂಕಿ ಕೈಮೀರಿ ಸುಮಾರು 24,000 ಎಕರೆ ಸುಟ್ಟಿತು. ಮನೆಗಳು ಹೋದವು, ಅರಣ್ಯ ನೌಕರರೊಬ್ಬರು ಜೀವ ತೆತ್ತರು. ಹಕ್ಕಿಯ ಲೆಕ್ಕ ಹೇಳುವಾಗ ಇದನ್ನು ಬಿಟ್ಟು ಹೇಳುವುದು ನ್ಯಾಯವಲ್ಲ. ಅಲ್ಲಿ ಎದ್ದ ಸಸಿಗಳು ಪ್ರಾಯಕ್ಕೆ ಬಂದಂತೆ 1990ರಲ್ಲಿ ಗಂಡುಗಳು 265 ಆದವು, 1995ಕ್ಕೆ 700 ದಾಟಿದವು. ಊರುಗಳ ಪಕ್ಕ ಬೆಂಕಿ ಹಚ್ಚುವುದು ಅಪಾಯವೆಂದು ಈಗ ಬಲಿತ ಜ್ಯಾಕ್ ಪೈನ್ ಕಡಿದು, ಸುಟ್ಟ ನೆಲದಲ್ಲಿ ಉಳಿಯುವಂಥ ಬಯಲುಗಳನ್ನು ನಡುನಡುವೆ ಬಿಟ್ಟು, ಸಸಿ ನೆಡುತ್ತಾರೆ.