ಫರ್ಗುಸನ್ ಕಿತ್ತ ಚಕ್ರ, ರೈತ ಹಾಕಿದ ಚಕ್ರ

ಹಳೆಯ ಮರದ ನೇಗಿಲಿನ ಒಂದು ಅನುಕೂಲವನ್ನು ನಾವು ಮರೆತೇಬಿಟ್ಟಿದ್ದೇವೆ. ಅದನ್ನು ಹೆಗಲ ಮೇಲೆ ಹೊತ್ತು ಮನೆಗೆ ತರಬಹುದಿತ್ತು. ಎತ್ತುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ, ನೇಗಿಲನ್ನು ಗೋಡೆಗೆ ಒರಗಿಸಿದರೆ ಆ ದಿನದ ಕೆಲಸ ಮುಗೀತು. ಇವತ್ತು ಅದೇ ಹಿತ್ತಲಲ್ಲಿ 400 ಕೆಜಿ ಆಸುಪಾಸಿನ ರೋಟವೇಟರ್ ಕೂತಿರುತ್ತೆ. ಟ್ರ್ಯಾಕ್ಟರಿನಿಂದ ಬಿಚ್ಚಿದರೆ ಸಾಕು, ನಾಲ್ಕು ಜನ ಸೇರಿದರೂ ಅಲುಗಲ್ಲ. ಇದು ಹೀಗ್ಯಾಕಾಯ್ತು ಅಂತ ಹುಡುಕುತ್ತಾ ಹೋದರೆ ದಾರಿ ಸೀದಾ ಐರ್ಲೆಂಡಿಗೆ ಹೋಗುತ್ತೆ.

ಹ್ಯಾರಿ ಫರ್ಗುಸನ್ ಹುಟ್ಟಿದ್ದು 1884ರಲ್ಲಿ, ಅಲ್ಲಿನ ಡೌನ್ ಕೌಂಟಿಯ ರೈತರ ಮನೆಯಲ್ಲಿ. ಹೊಲದ ಕೆಲಸ ಒಗ್ಗಲಿಲ್ಲ. ಬೆಲ್‌ಫಾಸ್ಟ್‌ನಲ್ಲಿ ಅಣ್ಣನ ರಿಪೇರಿ ಅಂಗಡಿ ಸೇರಿದರು. 1909ರ ಕೊನೆಯ ದಿನ ತಾವೇ ಕಟ್ಟಿದ ವಿಮಾನ ಹಾರಿಸಿದರು. ಇಂಥ ಆಸಾಮಿಗೆ 1917ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಟ್ರ್ಯಾಕ್ಟರ್ ಉಳುಮೆಯನ್ನು ಸುಧಾರಿಸುವ ಕೆಲಸ ಸರ್ಕಾರದಿಂದ ಬಂತು.

ಆಗಿನ ನೇಗಿಲುಗಳನ್ನು ಟ್ರ್ಯಾಕ್ಟರ್ ಗಾಡಿಯ ಹಾಗೆ ಎಳೀತಿತ್ತು. ಅವಕ್ಕೆ ತಮ್ಮದೇ ಚಕ್ರಗಳಿದ್ದವು, ಹಾಗಾಗಿ ತೂಕವೂ ಜಾಸ್ತಿ, ಬೆಲೆಯೂ ಜಾಸ್ತಿ. ಅದಕ್ಕಿಂತ ದೊಡ್ಡ ತಾಪತ್ರಯ ಇನ್ನೊಂದಿತ್ತು. ನೇಗಿಲು ಬಂಡೆಗೆ ಸಿಕ್ಕಿಕೊಂಡರೆ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತಿತ್ತು. ಹಿಂದಕ್ಕೆ ಮಗುಚಿದರೆ ಚಾಲಕ ಅಡಿಯಲ್ಲಿ. ಫೋರ್ಡ್‌ಸನ್ ಟ್ರ್ಯಾಕ್ಟರಿಗೆ ಈ ಕೆಟ್ಟ ಹೆಸರು ಅಂಟಿಕೊಂಡಿತ್ತು.

ಫರ್ಗುಸನ್ ಕಂಡುಕೊಂಡ ಉಪಾಯವೇ ಇಂದು ಬಹುತೇಕ ಟ್ರ್ಯಾಕ್ಟರುಗಳ ಬೆನ್ನಿಗಿರುವ ಮೂರು ಬಿಂದುಗಳ ಜೋಡಣೆ. ಕೆಳಗೆ ಎರಡು ತೋಳು, ಮೇಲೊಂದು ಟಾಪ್ ಲಿಂಕ್, ಎತ್ತಿ ಇಳಿಸೋಕೆ ಹೈಡ್ರಾಲಿಕ್. ನೇಗಿಲು ಬಂಡೆಗೆ ತಾಗಿದರೆ ಮೇಲಿನ ಸರಳು ಮುಂದಕ್ಕೆ ಒತ್ತಿ, ಟ್ರ್ಯಾಕ್ಟರಿನ ಮೂತಿಯನ್ನು ನೆಲಕ್ಕೇ ಅದುಮುತ್ತೆ. ಉಪಕರಣದ ಭಾರವೂ ಹಿಂದಿನ ಚಕ್ರಗಳ ಮೇಲೆ ಬಿದ್ದು ಹಿಡಿತ ಹೆಚ್ಚುತ್ತೆ. ಹೀಗೆ ಹಗುರವಾದ ಟ್ರ್ಯಾಕ್ಟರೂ ಚೆನ್ನಾಗಿ ಉಳಬಲ್ಲದು.

1938ರಲ್ಲಿ ಇದನ್ನು ನೋಡಿದ ಹೆನ್ರಿ ಫೋರ್ಡ್ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡರು. ಕಾಗದ ಇಲ್ಲ, ಸಹಿ ಇಲ್ಲ. 1939ರಲ್ಲಿ ಫೋರ್ಡ್ 9ಎನ್ ಬಂತು. ಮುಂದೆ ಫೋರ್ಡರ ಮೊಮ್ಮಗನ ಕಾಲಕ್ಕೆ ಸಂಬಂಧ ಮುರಿದು, ವ್ಯಾಜ್ಯ ಕೋರ್ಟು ಹತ್ತಿ, 1952ರಲ್ಲಿ ಫರ್ಗುಸನ್‌ಗೆ 92.5 ಲಕ್ಷ ಡಾಲರ್ ಸಿಕ್ಕಿತು. ಅಷ್ಟರಲ್ಲಿ ಕವೆಂಟ್ರಿಯಲ್ಲಿ 1946ರಿಂದ ಅವರ ಟಿಇ20 ಟ್ರ್ಯಾಕ್ಟರ್ ತಯಾರಾಗುತ್ತಿತ್ತು. ಹತ್ತು ವರ್ಷದಲ್ಲಿ ಅಂಥವು 5 ಲಕ್ಷಕ್ಕೂ ಹೆಚ್ಚು ಹೊರಬಂದವು. 1960ರಲ್ಲಿ ಮ್ಯಾಸಿ ಫರ್ಗುಸನ್ ಜೊತೆ ಸೇರಿ ಮದ್ರಾಸಿನಲ್ಲಿ ಟಾಫೆ ಶುರುವಾಯಿತು. ನಮ್ಮ ಹಳ್ಳಿಗಳಲ್ಲಿ ಕೇಳೋ 'ಮ್ಯಾಸಿ' ಗಾಡಿಯ ಹಿಂದಿರೋ ಕಥೆ ಇದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಜೋಡಣೆಯಿಂದ ಉಪಕರಣಕ್ಕೆ ಸ್ವಂತ ಚಕ್ರ ಬೇಕಿಲ್ಲ ಅಂತಾಯ್ತು. ಟ್ರ್ಯಾಕ್ಟರಿನ ಬೆನ್ನ ಮೇಲಿರುವಷ್ಟು ಹೊತ್ತು ಅದು ಲಾಭ. ಕೆಳಗಿಳಿಸಿದ ಕೂಡಲೇ ಅದೇ ತೊಡಕು. ವರ್ಷದಲ್ಲಿ ಕೆಲವೇ ವಾರ ಕೆಲಸ ಮಾಡೋ ಕಲ್ಟಿವೇಟರ್, ರೋಟವೇಟರ್ ಉಳಿದ ದಿನವೆಲ್ಲ ನೆಲ ಹಿಡಿದಿರುತ್ತವೆ. ಶೆಡ್ಡಿನ ಮೂಲೆಗೆ ಸರಿಸೋಕಾಗದೆ ಮಳೆಯಲ್ಲಿ ತುಕ್ಕು ಹಿಡಿಯುತ್ತವೆ. ಮತ್ತೆ ಜೋಡಿಸೋಕೆ ಹೋದರೂ ಕಷ್ಟ. ಟ್ರ್ಯಾಕ್ಟರ್ ರಿವರ್ಸ್ ಬಂದಾಗ ಒಂದಿಂಚು ಆಚೀಚೆ ಆದರೂ ಪಿನ್ನು ತೂತಿಗೆ ಹೋಗಲ್ಲ. ಆಗ ಒಬ್ಬರು ಸೀಟಿನಲ್ಲಿ, ಇನ್ನೊಬ್ಬರು ಹಾರೆ ಹಿಡಿದು ಟ್ರ್ಯಾಕ್ಟರಿಗೂ ಕಬ್ಬಿಣಕ್ಕೂ ನಡುವೆ. ಕಾಲು ಒಮ್ಮೆ ಕ್ಲಚ್ಚಿನಿಂದ ಜಾರಿದರೆ ಏನಾಗುತ್ತೆ, ಹೇಳಬೇಕಿಲ್ಲ ಅಲ್ವಾ?

ಇದಕ್ಕೆ ಉತ್ತರ ರೈತನಿಗೂ ಹೊಳೆದಿದೆ, ಅವನ ಪಕ್ಕದ ವೆಲ್ಡಿಂಗ್ ಅಂಗಡಿಯವನಿಗೂ ಹೊಳೆದಿದೆ. ಐರ್ಲೆಂಡಿರಲಿ, ಅಮೆರಿಕವಿರಲಿ, ನಮ್ಮೂರಿರಲಿ, ಉಪಾಯ ಹೆಚ್ಚುಕಮ್ಮಿ ಒಂದೇ. ಗುಜರಿ ಆಂಗಲ್ ಕಬ್ಬಿಣದ ಚೌಕಟ್ಟು, ಅದರಡಿ ನಾಲ್ಕು ಚಕ್ರ. ಹೈಡ್ರಾಲಿಕ್‌ನಿಂದ ಉಪಕರಣವನ್ನು ಅದರ ಮೇಲಿಳಿಸಿ, ಪಿನ್ ಬಿಚ್ಚಿ, ತಳ್ಳಿಕೊಂಡು ಹೋಗಿ ಗೋಡೆ ಬದಿಗೆ ನಿಲ್ಲಿಸೋದು. ಅಂದ್ರೆ ಫರ್ಗುಸನ್ ಕಿತ್ತುಹಾಕಿದ ಚಕ್ರವನ್ನು ರೈತ ವಾಪಸ್ ತಂದ, ಕೆಲಸ ಮುಗಿದ ಮೇಲಿನ ಹೊತ್ತಿಗೆ ಮಾತ್ರ.

ಸಿಮೆಂಟ್ ನೆಲದ ಮೇಲೆ 400 ಕೆಜಿಯನ್ನೂ ಒಬ್ಬರೇ ತಳ್ಳಬಹುದು. ಮಣ್ಣಲ್ಲಿ ಸಣ್ಣ ಚಕ್ರ ಹೂತುಹೋಗುತ್ತೆ, ಅಲ್ಲಿ ಅಗಲವಾದ ದೊಡ್ಡ ಚಕ್ರವೇ ಬೇಕು. ಚೌಕಟ್ಟು ಕಿರಿದಾದರೆ ಭಾರ ಒಂದು ಕಡೆ ವಾಲಿ ಮಗುಚುತ್ತೆ. ಇಳಿಜಾರಲ್ಲಿ ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಡಲೇಬೇಕು. ಇನ್ನು ಹೈಡ್ರಾಲಿಕ್ ಎತ್ತಿ ಹಿಡಿದಿದೆ ಅಂತ ನಂಬಿ ಅಡಿಗೆ ಕೈಹಾಕೋದಂತೂ ಬೇಡವೇ ಬೇಡ. ಒಂದು ಸೀಲ್ ಸೋರಿದರೆ ಸಾಕು, ಭಾರ ಕೆಳಗೆ ಕೂರುತ್ತೆ.

ನಿಮ್ಮಲ್ಲಿ ಎಷ್ಟೋ ಜನರ ಊರಿನಲ್ಲಿ ಹೀಗೊಂದು ಟ್ರ್ಯಾಕ್ಟರ್ ಇದೆ, ಅದನ್ನು ಅಪ್ಪ ಒಬ್ಬರೇ ನೋಡಿಕೊಳ್ತಿದ್ದಾರೆ. ಹಾರೆ ಹಿಡಿಯೋಕೆ ಮೊದಲು ಮನೆಯಲ್ಲಿ ಮಕ್ಕಳಿದ್ರು. ಈಗ ಆ ಮಕ್ಕಳು ನಾವು, ಬೆಂಗಳೂರಿನಲ್ಲಿದ್ದೇವೆ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನನ್ನು ಕರ್ಕೊಂಡು ವೆಲ್ಡಿಂಗ್ ಅಂಗಡಿಗೆ ಹೋಗಿಬನ್ನಿ. ಅಳತೆ ಅವರೇ ಹೇಳ್ತಾರೆ, ನೀವು ದುಡ್ಡು ಕೊಡಿ.